ಸೊಂಟ ಎಂದೇ ಹೇಳಿಕೊಂಡು ಬಂದ ನೋವು

ನನ್ನ ನೋವಿಗೆ ನಾನೇ ಇಟ್ಟ ಹೆಸರು ಸೊಂಟ. ನೋವು ಇದ್ದದ್ದು ಸೊಂಟದಲ್ಲಿ ಅಲ್ಲ. ಎಲ್ಲಿತ್ತು ಎಂದು ಬರೆಯುವ ಮೊದಲು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ, ಮುಂದಿನ ಬಾಗಿಲು ಹಾಕಿದೆಯಾ ಎಂದು ನೋಡಿದೆ. ಮನೆಯಲ್ಲಿ ಯಾರೂ ಇಲ್ಲ, ಆದರೂ ನಾಚಿಕೆ. ಎರಡು ತೊಡೆ ಸೇರುವಲ್ಲಿ, ಎಡಗಡೆ, ಮೂತ್ರ ಹೋಗುವ ಜಾಗದಿಂದ ಹಿಡಿದು ಹಿಂದಿನವರೆಗೆ. ಇಷ್ಟು ಬರೆಯಲು ನನಗೆ ಏಳೆಂಟು ವರ್ಷ ಬೇಕಾಯಿತು.

ನಾನು ಹೊನ್ನಾವರದಲ್ಲಿ ಬಟ್ಟೆ ಹೊಲಿಯುವವಳು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಣ್ಣ ಅಂಗಡಿ. ಮನೆ ಅಪ್ಸರಕೊಂಡದ ಕೆಳಗೆ, ಸಮುದ್ರದ ಬದಿಗೆ. ನಮ್ಮನೆಯವರು ಭಟ್ಕಳ ಬಂದರಿನ ಬೋಟೊಂದರಲ್ಲಿ ತಾಂಡೇಲ. ಬೋಟು ನಡೆಸುವುದು, ಆಳುಗಳನ್ನು ದುಡಿಸುವುದು ಅವರ ಕೆಲಸ. ಮೀನಿಗೆ ಹೋದರೆ ವಾರಗಟ್ಟಲೆ ಮನೆ ಕಾಣುವುದಿಲ್ಲ. ಮಗಳು ಹಾಸ್ಟೆಲಿನಲ್ಲಿ. ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ನಾನು ಮತ್ತು ಅತ್ತೆ. ಅತ್ತೆ ಬುಟ್ಟಿ ಹೊತ್ತು ಮೀನು ಮಾರಿ ಸಂಸಾರ ನಡೆಸಿದವರು. ಈಗ ಮೊಣಕಾಲು ಹಿಡಿದು ಮನೆ ಸೇರಿದ್ದಾರೆ, ಬಾಯಿ ಮಾತ್ರ ಇನ್ನೂ ಮೀನುಪೇಟೆಯಲ್ಲೇ ಇದೆ.

ನೋವು ಶುರುವಾದದ್ದು ಕೂತಲ್ಲೇ. ದೀಪಾವಳಿಯ ಹೊಲಿಗೆ ರಾಶಿ ಬಿದ್ದಿತ್ತು, ಎದ್ದೇಳದೆ ಮಷಿನ್ ತುಳಿಯುತ್ತಿದ್ದೆ. ಒಂದು ದಿನ ಅಲ್ಲಿ ಚುರುಕ್ ಎಂದಿತು. ಮಷಿನ್ನಿನ ಸೂಜಿ ಬೆರಳಿಗೆ ಹೊಕ್ಕರೆ ಆಗುತ್ತದಲ್ಲ, ಹಾಗೆ. ಎದ್ದು ನಿಂತೆ, ಕಡಿಮೆಯಾಯಿತು. ಕೂತೆ, ಮತ್ತೆ ಬಂತು. ಕೂತರೆ ಜೋರಾಗುವ ನೋವು, ಕೂತೇ ದುಡಿಯುವ ನನಗೆ ಬಂದಿತ್ತು. ಕೆಲವು ತಿಂಗಳಾದ ಮೇಲೆ ಮಷಿನ್ನಿಗೆ ಮೋಟಾರು ಹಾಕಿಸಿ, ಎತ್ತರದ ಮೇಜಿನ ಮೇಲಿಟ್ಟು, ನಿಂತು ಹೊಲಿಯತೊಡಗಿದೆ. ಗಿರಾಕಿಗಳು "ಇದೆಂತ ಹೊಸ ನಮೂನೆ?" ಎಂದರೆ "ಸೊಂಟ" ಎನ್ನುತ್ತಿದ್ದೆ.

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಲ್ಲುತ್ತಿದ್ದೆ. "ಅಕ್ಕಾ, ಸೀಟು ಅದೆ, ಕೂತ್ಕಳಿ. ಕೂತ್ರೂ ನಿಂತ್ರೂ ಟಿಕೆಟ್ ಒಂದೇಯಾ" ಎಂದು ಕಂಡಕ್ಟರ್ ನಗಾಡುತ್ತಿದ್ದ. ಮದುವೆ ಮನೆಗೆ ಹೋದರೆ ಊಟದ ಪಂಕ್ತಿಯಲ್ಲಿ ಕೂರಲಾರದೆ, ಸೆರಗು ಸಿಕ್ಕಿಸಿ ಸಾರಿನ ಬಕೆಟ್ಟು ಹಿಡಿದು ಬಡಿಸಲು ನಿಲ್ಲುತ್ತಿದ್ದೆ. ನೆಂಟರಲ್ಲಿ ನನಗೆ ಒಳ್ಳೆಯ ಹೆಸರು ಬಂತು. ಎಷ್ಟು ಚುರುಕು, ಎಷ್ಟು ಸೇವೆ, ಸೊಸೆ ಅಂದರೆ ಹೀಗಿರಬೇಕು. ಆ ಹೊಗಳಿಕೆ ಕೇಳಿ ಮೈಯೆಲ್ಲ ಹಿಡಿಯಾಗುತ್ತಿತ್ತು. ಆಮೇಲೆ ಅಡುಗೆಯವರ ಜೊತೆ ಹಿಂಬದಿಯಲ್ಲಿ ನಿಂತು ಉಂಡು ಬರುತ್ತಿದ್ದೆ.

ನೀವು ಕೇಳಬಹುದು, ಹೇಳಿಬಿಡಬಾರದಿತ್ತಾ ಎಂದು. ಯಾವ ಶಬ್ದದಲ್ಲಿ ಹೇಳುವುದು? ನಮ್ಮ ಭಾಷೆಯಲ್ಲಿ ಆ ಜಾಗಕ್ಕೆ ಹೆಸರಿಲ್ಲವೆಂದಲ್ಲ. ಒಂದು ಹೆಸರು ಹರಿಕಥೆ ದಾಸರ ಬಾಯಲ್ಲಿದೆ. ಎಂಬತ್ತನಾಲ್ಕು ಲಕ್ಷ ಯೋನಿಗಳಲ್ಲಿ ಹುಟ್ಟಿ ಬಂದ ಜೀವ ಎಂದು ಅವರು ಹಾಡುವಾಗ ಎಲ್ಲರೂ ಕೈಮುಗಿದು ಕೇಳುತ್ತಾರೆ. ಇನ್ನೊಂದು ಪೇಪರಿನಲ್ಲಿ ಬರುವ ಗುಪ್ತಾಂಗ. ಗುಪ್ತ ಎಂದು ಅದರೊಳಗೇ ಇದೆ, ಮತ್ತೆ ಬಾಯಿ ಬಿಡುವುದು ಹೇಗೆ? ಮೂರನೆಯದು ಬಂದರಿನಲ್ಲಿದೆ. ಎರಡೇ ಅಕ್ಷರ. ಬಲೆ ಸಿಕ್ಕು ಬಿದ್ದರೆ, ಹಗ್ಗ ಜಾರಿದರೆ, ಆಳು ತಡವಾಗಿ ಬಂದರೆ, ಅವನ ತಾಯಿಯದ್ದೋ ಅಕ್ಕನದ್ದೋ ಎಂದು ಸೇರಿಸಿ ಬೈಯುವ ಶಬ್ದ. ನಾನು ಅದನ್ನು ಬೈಗುಳವಾಗಿ ಬಿಟ್ಟು ಬೇರೆ ಹೇಗೂ ಯಾರ ಬಾಯಲ್ಲೂ ಕೇಳಿದವಳಲ್ಲ. ದಾಸರ ಶಬ್ದಕ್ಕೂ ಬಂದರಿನ ಶಬ್ದಕ್ಕೂ ನಡುವೆ, ನೋವಾದಾಗ ಹೇಳಿಕೊಳ್ಳಲು ನನಗೊಂದು ಶಬ್ದವಿರಲಿಲ್ಲ. ಇದ್ದದ್ದರಲ್ಲಿ ಹತ್ತಿರದ್ದು, ಮರ್ಯಾದೆಯದ್ದು, ಸೊಂಟ.

ಸೊಂಟ ಎಂದ ಮೇಲೆ ಸೊಂಟಕ್ಕೇ ಮದ್ದು. ಎಕ್ಸ್‌ರೇ ಆಯಿತು, ಬೆಲ್ಟು ಬಂತು. ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಧಾರೇಶ್ವರದ ತವರಿನಲ್ಲಿರುವ ನನ್ನ ಆಯಿ ಎಣ್ಣೆ ತಿಕ್ಕುವ ಒಬ್ಬರ ಹತ್ತಿರ ಕರೆದುಕೊಂಡು ಹೋದಳು, ದೇವರಿಗೆ ಹರಕೆಯನ್ನೂ ಹೇಳಿದಳು. ಹರಕೆಯನ್ನೂ ಸೊಂಟಕ್ಕೇ ಹೇಳಿದ್ದಳು. ಸ್ಕ್ಯಾನ್ ಮಾಡಿದಾಗ ಬೆನ್ನುಮೂಳೆಯಲ್ಲಿ ಏನೋ ಚೂರು ಕಂಡಿತು. ನಮ್ಮ ವಯಸ್ಸಿನವರಲ್ಲಿ ಹುಡುಕಿದರೆ ಬಹಳ ಜನರಿಗೆ ಕಾಣುವಂಥದ್ದು, ಅದಕ್ಕೂ ಮಾತ್ರೆ ನುಂಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದೇ ಕಥೆ. ಎಮ್ಮೆಯನ್ನು ಮುಂದೆ ತಂದು ನಿಲ್ಲಿಸಿದವಳು ನಾನೇ, ಡಾಕ್ಟರುಗಳನ್ನು ದೂರುವುದು ಹೇಗೆ?

ಇದರ ನಡುವೆ ಮನೆಯವರು ಬರುತ್ತಿದ್ದರು, ಹೋಗುತ್ತಿದ್ದರು. ಬಂದ ದಿನ ರಾತ್ರಿ ನಾನು ಗೋಡೆಯ ಕಡೆ ತಿರುಗಿ "ಸೊಂಟ" ಎನ್ನುತ್ತಿದ್ದೆ. ಅವರು "ಆತು, ಮಲ್ಕ" ಎಂದು ತಾವೂ ತಿರುಗುತ್ತಿದ್ದರು. ಒಂದು ದಿನವೂ ಜೋರು ಮಾಡಿದವರಲ್ಲ. ಬೋಟಿನಲ್ಲಿ ಅವರ ಬಾಯಿ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕಂತೆ, ಮನೆಯಲ್ಲಿ ಒಂದು ಕೆಟ್ಟ ಮಾತಿಲ್ಲ. ಬರಬರುತ್ತಾ ಅವರಿಗೆ ಒಂದು ಹೊಸ ಅಭ್ಯಾಸ ಹತ್ತಿತು. ಬೋಟಿನಿಂದ ಬಂದವರು ಬಚ್ಚಲು ಹೊಕ್ಕರೆ ಹೊರಗೆ ಬರುವ ಸುದ್ದಿಯೇ ಇಲ್ಲ. ಒಂದು ಸಲ ಮಿಂದು, ಮೈ ಒರೆಸಿಕೊಂಡು, ಮತ್ತೆ ಸೋಪು ಹಚ್ಚಿ ಇನ್ನೊಂದು ಸಲ. ಗಂಧದ ಸೋಪು, ಅವರೇ ತರುತ್ತಿದ್ದರು. "ಮುದುಕ ಆಗ್ತಾ ಬಂದ, ಈಗ ಮದುಮಗ ಆಗೂಕೆ ಹೊರಟ" ಎಂದು ಅತ್ತೆ ಹಾಸ್ಯ ಮಾಡುತ್ತಿದ್ದರು. ಸೋಪು ಇಷ್ಟು ಬೇಗ ಕರಗುತ್ತದಲ್ಲ ಎಂದು ನಾನು ಗೊಣಗುತ್ತಿದ್ದೆ.

ಕೊನೆಗೆ ನನ್ನ ಸುಳ್ಳು ಹಿಡಿದವರು ಕುಮಟೆಯ ಒಬ್ಬ ಡಾಕ್ಟರಮ್ಮ. ಕುರ್ಚಿ ತೋರಿಸಿದರೂ ನಾನು ನಿಂತೇ ಇದ್ದೆ. ಸೊಂಟ ನೋವು ಎಂದೆ.

"ಸೊಂಟ ನೋವಿನವ್ರು ಕುರ್ಚಿ ಕಂಡ್ರೆ ಮೊದ್ಲು ಕೂತ್ಕೊಳ್ತಾರೆ. ನೀವ್ಯಾಕೆ ಕೂರೂದಿಲ್ಲ?" ಎಂದು ಕೇಳಿ, ಬಾಗಿಲಿನ ಪರದೆ ಎಳೆದರು. "ನಾನು ಕೇಳ್ತೆ, ನೀವು ಬರೀ ಹೌದು ಅಲ್ಲ ಅನ್ನಿ."

ಅವರು ಕೇಳುತ್ತಾ ಹೋದರು, ನಾನು ನೆಲ ನೋಡುತ್ತಾ ಹೌದು ಹೌದು ಎಂದೆ. ಕಣ್ಣಲ್ಲಿ ನೀರು ಬಂದದ್ದು ನೋವಿಗಲ್ಲ. ಅಲ್ಲಿನ ನರಕ್ಕೆ ಪೆಟ್ಟಾಗಿರಬಹುದು, ಇಂಥದ್ದು ಇನ್ನೂ ಹಲವರಿಗೆ ಇದೆ, ಮಂಗಳೂರಿನಲ್ಲಿ ಇದನ್ನು ನೋಡುವವರಿದ್ದಾರೆ ಎಂದರು. ಹಲವರಿಗೆ ಇದೆ ಎಂಬ ಮಾತೊಂದನ್ನೇ ಹಿಡಿದುಕೊಂಡು ಹೊರಗೆ ಬಂದೆ. ಬಸ್ಸಿನಲ್ಲಿ ಕೂತಿದ್ದ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದೆ, ಇವಳಿಗಾ, ಅವಳಿಗಾ ಎಂದು.

ಮಂಗಳೂರಿಗೆ ಜೊತೆಗೆ ಬರುವವರು ಅತ್ತೆಯೇ. ಅವರಿಗಾದರೂ ಹೇಳೋಣವೆಂದು ಧೈರ್ಯ ಮಾಡಿದೆ. ಮಗಳು ಫೋನಿನಲ್ಲಿ ಮಾತಾಡುವಾಗ ಬಳಸುವ ಶಬ್ದವೊಂದು ಕಿವಿಯಲ್ಲಿತ್ತು, ಸಭ್ಯವಾಗಿತ್ತು. "ಅತ್ತೇ, ನಂಗೆ ನೋವು ಪ್ರೈವೇಟಲ್ಲಿ" ಎಂದೆ.

ಅತ್ತೆ ಎಲೆ ಅಡಿಕೆ ಹಾಕುತ್ತಿದ್ದವರು ತಲೆ ಎತ್ತಿದರು. "ಅದ್ನೇ ನಾನು ಹೇಳೂದು. ಪ್ರೈವೇಟಲ್ಲಿ ತೋರ್ಸಿ ತೋರ್ಸಿ ನೋವು ಜಾಸ್ತಿಯೇ ಆತು. ಒಂದ್ಸಲ ಸರ್ಕಾರಿಗೆ ಹೋಗಿ ನೋಡು" ಎಂದರು.

ನಗು ಬಂತು, ಆಮೇಲೆ ಅಳುವೂ ಬಂತು. ಎರಡನೇ ಸಲ ಹೇಳುವ ಧೈರ್ಯ ಬರಲಿಲ್ಲ.

ಮಂಗಳೂರಿನ ಆ ಆಸ್ಪತ್ರೆಯಲ್ಲಿ ಕಾಯುವ ಜಾಗದ ತುಂಬ ಮೆತ್ತನೆಯ ಕುರ್ಚಿಗಳು. ನಾನು ಗೋಡೆಗೆ ಒರಗಿ ನಿಂತೆ. ಅತ್ತೆ ಕುರ್ಚಿಯಲ್ಲಿ ಕೂತು ಅಕ್ಕಪಕ್ಕದವರಿಗೆಲ್ಲ "ನಮ್ ಸೊಸಿಗೆ ಸೊಂಟ, ಪಾಪ, ಹೊಲ್ದು ಹೊಲ್ದು" ಎಂದು ಸಾರಿದರು. ಅಲ್ಲಿ ನನ್ನ ಹಾಗೇ ಇನ್ನೊಬ್ಬಳು ನಿಂತಿದ್ದಳು, ಎದುರು ಗೋಡೆಗೆ. ಒಳ್ಳೆ ಸೀರೆ, ಕೈಯಲ್ಲಿ ಫೈಲು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ನಡುವೆ ಇದ್ದ ಖಾಲಿ ಕುರ್ಚಿಗಳನ್ನೂ ನೋಡಿದೆವು. ಅವಳು ಸ್ವಲ್ಪ ನಕ್ಕಳು. ನಾವು ಒಂದು ಮಾತೂ ಆಡಲಿಲ್ಲ. ಅವಳ ಹೆಸರು ಗೊತ್ತಿಲ್ಲ, ಈಗಲೂ ನೋವು ಜಾಸ್ತಿಯಾದ ದಿನ ಅವಳು ನೆನಪಾಗುತ್ತಾಳೆ.

ಇಂಜೆಕ್ಷನ್ ಕೊಟ್ಟರು, ಕೆಲವು ವಾರ ತಡೆಯಿತು, ಮತ್ತೆ ಬಂತು. ಮಾತ್ರೆಗಳಿಂದ ಬಾಯಿ ಒಣಗಿ, ನಿದ್ದೆ ಹತ್ತಿ, ಒಂದು ರವಿಕೆಗೆ ಎರಡು ಎಡತೋಳು ಹೊಲಿದಿಟ್ಟೆ. ಆಮೇಲೆ ಅಲ್ಲಿನ ಡಾಕ್ಟರು ಒಂದು ಯಂತ್ರದ ಮಾತೆತ್ತಿದರು. ಬಾಲಮೂಳೆಯ ಮೇಲ್ಗಡೆಯಿಂದ ನರದ ಹತ್ತಿರಕ್ಕೆ ಸಣ್ಣ ವಯರು, ಹಿಂಭಾಗದಲ್ಲಿ ಚರ್ಮದಡಿ ಬೆಂಕಿಪೊಟ್ಟಣಕ್ಕಿಂತ ಸಣ್ಣ ಬ್ಯಾಟರಿ. ಅದು ಜುಂ ಜುಂ ಎನ್ನುತ್ತಾ ಇದ್ದರೆ ನೋವಿನ ಸುದ್ದಿ ತಲೆಗೆ ಅಷ್ಟು ಮುಟ್ಟುವುದಿಲ್ಲವಂತೆ. ಮೊದಲು ವಯರು ಮಾತ್ರ ಹಾಕಿ ಬ್ಯಾಟರಿಯನ್ನು ಹೊರಗೆ ಕಟ್ಟಿ ಕೆಲವು ದಿನ ನೋಡುವುದು. ನೋವು ಅರ್ಧಕ್ಕರ್ಧ ಇಳಿದರೆ ಮಾತ್ರ ಒಳಗಿಡುವುದು. ಎಲ್ಲರಿಗೂ ಹಿಡಿಯುತ್ತದೆ ಎಂದೇನಿಲ್ಲ, ಯೋಚನೆ ಮಾಡಿ ಬನ್ನಿ ಎಂದರು.

ಯೋಚನೆ ಮಾಡಿದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಸತ್ತಾಗ ಸುಡೂಕೆ ಹೋದ್ರೆ ಅದು ಢಂ ಅನ್ನೂದಿಲ್ವನೇ?" ಡಾಕ್ಟರನ್ನು ಕೇಳಿದೆ, ಮೊದಲೇ ತೆಗೆಯುತ್ತಾರೆ ಎಂದರು. ನನ್ನ ಹೆದರಿಕೆ ಬೇರೆ. ಯಂತ್ರ ಇಟ್ಟ ಮೇಲೆ ಅದು ಎಲ್ಲಿಗೆ, ಎಂತಕ್ಕೆ ಎಂದು ಜನ ಕೇಳುತ್ತಾರೆ. ಇಷ್ಟು ದಿನ ನೋವು ಕಣ್ಣಿಗೆ ಕಾಣುತ್ತಿರಲಿಲ್ಲ, ಮುಚ್ಚಿಟ್ಟಿದ್ದೆ. ಇನ್ನು ಅದಕ್ಕೆ ರಿಮೋಟೂ ಇರುತ್ತದೆ.

ಭಟ್ಕಳದ ರುಕಿಯಾ ಆಪಾ ನನ್ನ ಹಳೆಯ ಗಿರಾಕಿ. ಗಂಡ ದುಬೈಯಲ್ಲಿ, ಮನೆ ತುಂಬ ಹೆಣ್ಣುಮಕ್ಕಳು, ಹಬ್ಬ ಬಂದರೆ ಚೀಲ ತುಂಬ ಬಟ್ಟೆ ಹೊತ್ತು ತರುತ್ತಾಳೆ. ಸಲ್ವಾರಿಗೆ ಎರಡು ಕಾಲು ಸೇರುವಲ್ಲಿ ಒಂದು ಚೌಕದ ತುಂಡು ಕೊಡುತ್ತೇವೆ, ಕೂತಾಗ ಹರಿಯದಿರಲಿ ಎಂದು. ಅದಕ್ಕೆ ಮಿಯಾನಿ ಎನ್ನುತ್ತಾರೆ. ಆ ಶಬ್ದ ನನಗೆ ಕಲಿಸಿದವಳೇ ಆಪಾ. ಅಂಗಡಿ ತುಂಬ ಜನರಿದ್ದರೂ ಅವಳದ್ದು ದೊಡ್ಡ ದನಿ: "ನೋಡು, ಹೋದ್ ಸರ್ತಿ ಮಿಯಾನಿ ಬಿಗಿ ಆಗಿತ್ತು. ಈ ಸರ್ತಿ ಮಿಯಾನಿ ದೊಡ್ಡ ಇಡು." ಯಾರೂ ತಲೆ ತಗ್ಗಿಸುತ್ತಿರಲಿಲ್ಲ. ಅದು ಬಟ್ಟೆಯ ಮಾತು. ಆ ಮಾತು ಎಷ್ಟೋ ವರ್ಷದಿಂದ ನನ್ನ ಬಾಯಲ್ಲೇ ಇತ್ತು, ನನ್ನ ಉಪಯೋಗಕ್ಕೆ ಬರುತ್ತದೆ ಎಂದು ಹೊಳೆದಿರಲಿಲ್ಲ.

ಅಂತೂ ಹೂಂ ಎಂದೆ. ವಯರು ಹಾಕುವ ದಿನ ನನ್ನನ್ನು ಬೋರಲು ಮಲಗಿಸಿದರು. ವಯರು ಹೊಗಿಸುವ ಜಾಗಕ್ಕೆ ಮಾತ್ರ ಮರಗಟ್ಟಿಸುವ ಸೂಜಿ, ಎಚ್ಚರ ಪೂರ್ತಿ ಇರಬೇಕು. ಯಾಕೆಂದರೆ ವಯರು ಸರಿಯಾದ ಕಡೆ ಮುಟ್ಟಿತಾ ಎಂದು ಹೇಳಬೇಕಾದವಳು ನಾನು. ಇದನ್ನು ಮೊದಲೇ ತಿಳಿಸಿದ್ದರು, ನನ್ನ ತಲೆಗೆ ಹೋಗಿರಲಿಲ್ಲ. ಸೀರೆ ಇಲ್ಲ, ಹಿಂಬದಿ ತೆರೆದ ಹಸಿರು ಅಂಗಿ, ಸುತ್ತ ನಾಲ್ಕಾರು ಜನ ಗಂಡಸರು ಹೆಂಗಸರು. ಮುಖ ದಿಂಬಿನಲ್ಲಿ ಹುದುಗಿತ್ತು, ಅದೇ ಪುಣ್ಯ.

"ಈಗ ಎಲ್ಲಿ ಗೊತ್ತಾಗ್ತದೆ ಹೇಳಿ" ಎಂದರು ಡಾಕ್ಟರು.

ಗೊತ್ತಾಯಿತು. ಅಲ್ಲೇ ಗೊತ್ತಾಯಿತು. ಇಷ್ಟು ವರ್ಷ ಸೂಜಿ ಚುಚ್ಚುತ್ತಿದ್ದ ಅದೇ ಗೆರೆಯ ಮೇಲೆ ಇರುವೆ ಹರಿದಂತೆ ಜುಂ ಎಂದಿತು, ಅದರ ಅಡಿಯಲ್ಲಿ ನೋವು ಮುಳುಗಿತು. ನನ್ನ ಬಾಯಿ ಅಭ್ಯಾಸಬಲದಿಂದ ಹೇಳಿತು: "ಸೊಂಟದಲ್ಲಿ."

"ಸೊಂಟದಲ್ಲಾ? ಹಾಗಾದ್ರೆ ಇದಲ್ಲ" ಎಂದು ಅವರು ವಯರು ಸರಿಸಿದರು. ಜುಂ ಹೋಯಿತು. ನೋವು ಮತ್ತೆ ತಲೆ ಎತ್ತಿತು. "ಈಗ?" ಎಂದರು. "ಕಾಲ ಹೆಬ್ಬೆರಳು." "ಈಗ?" "ಹಿಮ್ಮಡಿ." ಅವರು ಹುಡುಕುತ್ತಲೇ ಇದ್ದರು, ಕೈಗೆ ಬಂದದ್ದನ್ನು ನಾನೇ ನೀರಿಗೆ ಬಿಟ್ಟಿದ್ದೆ. ದಿಂಬು ಒದ್ದೆಯಾಯಿತು. ಹೀಗೇ ಸುಮ್ಮನಿದ್ದರೆ ಇವರು ತಪ್ಪಾದ ಕಡೆ ವಯರು ಬಿಟ್ಟು, ಇವಳಿಗೆ ಹಿಡಿಯಲಿಲ್ಲ ಎಂದು ಮನೆಗೆ ಕಳಿಸುತ್ತಾರೆ, ನಾನು ಸಾಯುವವರೆಗೆ ನಿಂತು ಬಡಿಸುತ್ತೇನೆ ಎನಿಸಿತು.

"ಸರ್, ಮೊದ್ಲು ಬಂದದ್ದು ಸೊಂಟ ಅಲ್ಲ."

"ಮತ್ತೆ ಎಲ್ಲಿ?"

ದಾಸರ ಶಬ್ದ ಬಾಯಿಗೆ ಬರಲಿಲ್ಲ, ಬಂದರಿನ ಶಬ್ದ ಬರುವಂತಿರಲಿಲ್ಲ. "ಮಿಯಾನಿ" ಎಂದೆ.

"ಏನದು?" ಎಂದರು ಡಾಕ್ಟರು.

"ಸಲ್ವಾರಿನ ಮಿಯಾನಿ. ಎಡಗಾಲಿನ ಹೊಲಿಗೆ ಬಂದು ಸೇರ್ತದಲ್ಲ, ಅಲ್ಲಿಂದ ಹಿಂದಿನ ಹೊಲಿಗೆವರೆಗೆ. ಅಲ್ಲಿ ಬಂತು. ಅಲ್ಲೇ ನೋವು."

ನನ್ನ ತಲೆಯ ಹತ್ತಿರ ನಿಂತಿದ್ದ ನರ್ಸು ಕಿಸಕ್ಕನೆ ನಕ್ಕಳು, ತಕ್ಷಣ ನನ್ನ ಕೈ ಹಿಡಿದುಕೊಂಡಳು. "ಸರ್, ನಂಗೆ ಗೊತ್ತಾಯ್ತು" ಎಂದವಳು ಅದು ಎಲ್ಲಿ ಎಂದು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಡಾಕ್ಟರು "ಓ, ಅಲ್ಲೇ ಅಲ್ವಾ ನಮಗೂ ಬೇಕಾದ್ದು" ಎಂದು ಹಳೆಯ ಜಾಗಕ್ಕೆ ವಯರು ತಂದರು. ಆಮೇಲೆ ಕೆಲಸ ಬೇಗ ಮುಗಿಯಿತು. ಮಿಯಾನಿಯ ಮುಂದೆ, ಮಿಯಾನಿಯ ನಡುವೆ, ಎಡಗಡೆ ಅಂಚು, ಹೀಗೆ ಬಟ್ಟೆ ಕತ್ತರಿಸುವವಳ ಹಾಗೆ ಹೇಳುತ್ತಾ ಹೋದೆ. ನಾಚಿಕೆ ಹೋಗಿತ್ತೆಂದಲ್ಲ, ಮುಖ ದಿಂಬಿನಲ್ಲೇ ಇತ್ತು.

ಆಸ್ಪತ್ರೆ ಬಿಡುವಾಗ ಡಾಕ್ಟರು ಕೇಳಿದರು. "ಯಜಮಾನರಿಗೆ ಏನು ಹೇಳಿದ್ದೀರಿ?"

"ಸೊಂಟ."

"ಒಳಗೆ ಇಡುವುದಾದ್ರೆ ಅವರನ್ನು ಕರ್ಕೊಂಡು ಬನ್ನಿ. ಇದು ನಿಮ್ಮಿಬ್ಬರ ಸಂಸಾರಕ್ಕೂ ಸಂಬಂಧಪಟ್ಟದ್ದು. ಎಲ್ಲಿಗೆ, ಯಾಕೆ ಅಂತ ಅವರಿಗೆ ಗೊತ್ತಿರಬೇಕು. ಅದನ್ನು ನಾನು ಹೇಳುವುದಕ್ಕಿಂತ ನೀವೇ ಹೇಳಿ."

ಸೊಂಟಕ್ಕೆ ಬ್ಯಾಟರಿಯ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬಂದೆ. ವಯರು ಒದ್ದೆಯಾಗಬಾರದು, ಸ್ನಾನವಿಲ್ಲ, ಮೈ ಒರೆಸಿಕೊಳ್ಳುವುದಷ್ಟೆ. ಮಾರನೇ ದಿನ ಜಗಲಿಯ ಮೆಟ್ಟಿಲ ಮೇಲೆ ಕೂತೆ. ಸುಮ್ಮನೆ ಕೂತೆ. ಅಪ್ಸರಕೊಂಡ ನೋಡಲು ಬಂದ ಪ್ರವಾಸಿಗಳ ಕಾರುಗಳು ಹೋಗುತ್ತಿದ್ದವು, ಒಬ್ಬರು ನಿಲ್ಲಿಸಿ ದಾರಿ ಕೇಳಿದರು, ಕೂತಲ್ಲಿಂದಲೇ ಕೈ ತೋರಿಸಿದೆ. ನೋವು ಇತ್ತು, ದೂರದ ಮನೆಯ ರೇಡಿಯೋದ ಹಾಗೆ ಸಣ್ಣಗೆ ಕೇಳುತ್ತಿತ್ತು. ಅಷ್ಟೇ ಸಾಕು, ದೇವರೇ, ಇದನ್ನು ಕಿತ್ತುಕೊಳ್ಳಬೇಡ ಎಂದುಕೊಂಡೆ. ಕಿತ್ತುಕೊಳ್ಳದಿರಬೇಕಾದರೆ ಮನೆಯವರಿಗೆ ಹೇಳಬೇಕಿತ್ತು.

ಅವರು ಮೂರ್ನಾಲ್ಕು ದಿನ ಬಿಟ್ಟು ಬೋಟಿನಿಂದ ಬಂದರು. ಬಚ್ಚಲಿಗೆ ಹೋದರು, ಎರಡು ಸಲ ಮಿಂದರು. ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಬಂಗಡೆ ಸಾರು, ಅನ್ನ. ಅವರಿಗೆ ಬಡಿಸಿ, ನನಗೂ ಬಟ್ಟಲು ಇಟ್ಟುಕೊಂಡು ಅವರ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.

ಅವರ ಕೈ ಬಾಯಿಯ ಹತ್ತಿರ ನಿಂತಿತು. "ಕೂತ್ಯಲ್ಲೇ!"

"ಹೂಂ. ಮಷಿನ್ ಹಾಕಿದ್ರಲ್ಲ. ಅದ್ನ ಒಳಗೆ ಇಡ್ಸೂಕೆ ನೀವೂ ಬರ್ಬೇಕಂತೆ. ಅದ್ಕೆ ಮುಂಚೆ ನಿಮ್ಗೊಂದು ಹೇಳೂಕದೆ. ನೋವು ಮಿಯಾನಿಯಲ್ಲಿ."

"ಅದೆಲ್ಲಿ ಬಂತು?"

ಮೀನು ಹಿಡಿಯುವ ಗಂಡಸಿಗೆ ಮಿಯಾನಿ ಹೇಗೆ ಗೊತ್ತಿರಬೇಕು? ನಾನು ಉಡುವುದು ಸೀರೆ. ತೋರಿಸಿ ಹೇಳಲು ಕೈ ಏಳಲಿಲ್ಲ. ಕಣ್ಣು ಮುಚ್ಚಿಕೊಂಡು ಆ ಎರಡಕ್ಷರ ಹೇಳಿಬಿಟ್ಟೆ.

ಅವರ ಮುಖ ಕಪ್ಪಿಟ್ಟಿತು. ಬಟ್ಟಲು ದೂಡಿದರು. "ನಾನೆಂತ ಮಾಡ್ದೆ ನಿಂಗೆ? ಉಣ್ಣೂಕೆ ಕೂತವನಿಗೆ ಎಂತಕ್ಕೆ ಬಯ್ತೆ?"

ಮೂವತ್ತು ವರ್ಷದಿಂದ ಅವರಿಗೂ ಅದು ಬೈಗುಳವೇ. ಅವರ ಕಿವಿಗೆ ನಾನು ಅವರ ತಾಯಿಯನ್ನೇ ಎಳೆದು ತಂದಂತೆ ಕೇಳಿಸಿತ್ತು. ನಾನು ಅಳುತ್ತಾ ನಗುತ್ತಾ "ಬಯ್ದದ್ದಲ್ಲ, ಹೋಯ್. ನೋವು ಅಲ್ಲಿ. ಸೊಂಟದಲ್ಲಿ ಅಲ್ಲ. ಮೊದ್ಲಿಂದ್ಲೂ ಅಲ್ಲೇ" ಎಂದೆ.

ಅವರು ಕೇಳಿದರು, ನನ್ನನ್ನಲ್ಲ, ಅನ್ನದ ಬಟ್ಟಲನ್ನು ಕೇಳಿದ ಹಾಗೆ: "ಅದಕ್ಕಾ ನೀನು ಆಚೆ ತಿರ್ಗಿ ಮಲ್ಗೂದು?"

"ಮತ್ತೆಂತಕ್ಕೆ?"

"ನಂಗೆ ಮೀನ್ ವಾಸ್ನೆ ಹೊಡಿತದೆ, ನಿಂಗೆ ಆಗುದಿಲ್ಲ ಅಂದ್ಕಂಡಿದ್ದೆ."

ನಾನು ನನ್ನ ನಾಚಿಕೆಯೊಂದನ್ನೇ ಕಾಯುತ್ತಾ ಇದ್ದೆ. ಈ ಮನುಷ್ಯ ಅಷ್ಟೂ ವರ್ಷ ಬಚ್ಚಲಲ್ಲಿ ನಿಂತು ತನ್ನ ನಾಚಿಕೆಯನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಸೋಪು ಕರಗಿತೆಂದು ನಾನು ಗೊಣಗಿದ್ದೆ. "ನಾನೇ ನಾಲ್ಕು ದಿನದಿಂದ ಮಿಂದಿಲ್ಲ, ವಾಸ್ನೆ ಇದ್ರೆ ನಂದು" ಎಂದೆ. ಅವರು ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡರು. ಇಬ್ಬರೂ ಕೂತು ಉಂಡೆವು.

ಯಂತ್ರ ಈಗ ನನ್ನೊಳಗೆ ಇದೆ. ಒಳಗಿಡುವ ದಿನ ಅವರು ಬಂದು ಡಾಕ್ಟರ ಎದುರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ನೋವು ಪೂರ್ತಿ ಹೋಗಿಲ್ಲ, ಹೋಗುತ್ತದೆ ಎಂದು ಯಾರೂ ಹೇಳಿರಲೂ ಇಲ್ಲ. ಕೂತು ಹೊಲಿಯುತ್ತೇನೆ, ನಡುನಡುವೆ ಏಳುತ್ತೇನೆ. ರಿಮೋಟು ಮಷಿನ್ನಿನ ಡ್ರಾಯರಿನಲ್ಲಿ, ಬಾಬಿನುಗಳ ಜೊತೆ ಇರುತ್ತದೆ. ಕೇಳಿದವರಿಗೆ ಈಗಲೂ ಸೊಂಟ ಎಂದೇ ಹೇಳುತ್ತೇನೆ, ಈ ಬರಹಕ್ಕೆ ಹೆಸರನ್ನೂ ಹಾಕುವುದಿಲ್ಲ. ಆಸ್ಪತ್ರೆಯಲ್ಲಿ ಎದುರು ಗೋಡೆಗೆ ನಿಂತಿದ್ದವಳ ಕಣ್ಣಿಗೆ ಇದು ಬಿದ್ದರೆ ಸಾಕು.

ಮೊನ್ನೆ ಮನೆಯವರು ಬೋಟಿನಿಂದ ಬಂದರು. ಬಚ್ಚಲಲ್ಲಿ ನೀರು ಸುರಿಯುವುದು ನಿಂತಿತು, ಸೋಪಿನ ಡಬ್ಬಿ ಮತ್ತೆ ಕಟಕ್ಕೆಂದು ತೆರೆಯಿತು. ಹಳೆಯ ಅಭ್ಯಾಸ ಅಷ್ಟು ಬೇಗ ಎಲ್ಲಿ ಬಿಡುತ್ತದೆ? ಅತ್ತೆ ಜಗಲಿಯಲ್ಲೇ ಇದ್ದರು, ಕೇಳಿಸುತ್ತದೆ ಎಂದು ಗೊತ್ತಿತ್ತು. ಮುಖ ಬಿಸಿಯಾಯಿತು. ಆದರೂ ಬಚ್ಚಲ ಬಾಗಿಲಿಗೆ ಹೋಗಿ ಹೇಳಿದೆ.

"ಒಂದ್ ಸಲ ಸಾಕು. ಬನ್ನಿ."